ಬಾರ್ಲಿಯಲ್ಲಿ ಸತ್ವವಿಲ್ಲ ಎಂದೆ

ಈ ಪಾಠಕ್ಕೆ ತೆತ್ತ ಬೆಲೆ ಅರ್ಧ ಗದ್ದೆ ಬಾರ್ಲಿ. ಗದ್ದೆ ನನ್ನದಲ್ಲ, ಇನ್ನೊಬ್ಬರದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಪಾಲಿಗೆ ಹೋದದ್ದು ಎರಡು ಹಂಡೆ ಬಿಯರು, ಅಷ್ಟೇ. ಕಾರಣವೂ ದೊಡ್ಡದೇನಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲದ ಒಂದು ಅಂಕಿಯನ್ನು ಚೌಕಾಸಿಗೆ ಬಳಸಿದೆ.

ಜಪಾನಿನ ಹಮಾಮತ್ಸುವಿನಲ್ಲಿ ನನ್ನದೊಂದು ಪುಟ್ಟ ಊಟದ ಹೋಟೆಲು. ಅದರ ಹಿಂದಿನ ಕೋಣೆಯಲ್ಲಿ ಬಿಯರ್ ಕಾಯಿಸುತ್ತೇನೆ. ಈ ದೇಶದಲ್ಲಿ ಮನೆಯಲ್ಲಿ ಬಿಯರ್ ತಯಾರಿಸಲು ಕಾನೂನು ಬಿಡುವುದಿಲ್ಲ, ಹಾಗಾಗಿ ಲೈಸೆನ್ಸ್ ಮಾಡಿಸಿದ್ದೇನೆ; ಆದರೆ ಸಾಮಾನೆಲ್ಲ ಬೇರೆ ದೇಶಗಳಲ್ಲಿ ಜನ ಮನೆಯ ಗ್ಯಾರೇಜಿನಲ್ಲಿ ಇಟ್ಟುಕೊಳ್ಳುವಂಥದ್ದೇ. ಮುಚ್ಚಿಹೋದ ರಾಮೆನ್ ನೂಡಲ್ಸ್ ಅಂಗಡಿಯೊಂದರ ಹಂಡೆ, ತಣ್ಣಗಾಗದಂತೆ ಕಂಬಳಿ ಸುತ್ತಿದ ಒಂದು ಡ್ರಮ್ಮು, ಎರಡು ರೋಲರಿನ ಒಂದು ಹಳೆಯ ಗಿರಣಿ. ಎಲ್ಲವೂ ಸೆಕೆಂಡ್ ಹ್ಯಾಂಡ್, ಎಲ್ಲವೂ ಚೌಕಾಸಿ ಮಾಡಿ ತಂದದ್ದು. ಬೆಂಗಳೂರಿನ ಮಾರ್ಕೆಟ್ಟಿನಲ್ಲಿ ಕಲಿತ ವಿದ್ಯೆ. ಹೇಳಿದ ಬೆಲೆಗೆ ಕೊಂಡರೆ ನನಗೆ ಊಟ ಸೇರುವುದಿಲ್ಲ.

ಇಳುವರಿ ಎಂದರೇನು, ಬಿಯರ್ ಗೊತ್ತಿಲ್ಲದವರಿಗೂ ತಿಳಿಯುವ ಹಾಗೆ ಹೇಳುತ್ತೇನೆ. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ತರಿತರಿಯಾಗಿ ಒಡೆದು ಅರವತ್ತೈದು ಡಿಗ್ರಿ ಆಸುಪಾಸಿನ ನೀರಿನಲ್ಲಿ ನೆನೆಹಾಕಿದರೆ ಒಳಗಿನ ಹಿಟ್ಟು ಸಕ್ಕರೆಯಾಗಿ ನೀರಿಗೆ ಇಳಿಯುತ್ತದೆ. ಆ ಸಿಹಿನೀರನ್ನು ಬಸಿದುಕೊಂಡು, ಉಳಿದ ಚರಟದ ಮೇಲೆ ಇನ್ನಷ್ಟು ಬಿಸಿನೀರು ಹುಯ್ದು ತೊಳೆದು, ಎಲ್ಲವನ್ನೂ ಕಹಿಗೆಂದು ಹಾಪ್ಸ್ ಹೂ ಹಾಕಿ ಕುದಿಸುತ್ತೇವೆ. ಆರಿದ ಮೇಲೆ ಯೀಸ್ಟ್. ಮಾಲ್ಟಿನಿಂದ ಸಿಗಬಹುದಾಗಿದ್ದ ಸಕ್ಕರೆಯಲ್ಲಿ ನೂರಕ್ಕೆ ಎಷ್ಟು ಪಾಲು ನಿಜವಾಗಿ ಹಂಡೆಗೆ ಬಂತೋ ಅದೇ ಇಳುವರಿ. ಸಿಹಿನೀರಿನ ಸಾಂದ್ರತೆಯನ್ನು ಹೈಡ್ರೋಮೀಟರ್ ಎಂಬ ತೇಲುವ ಗಾಜಿನ ಕಡ್ಡಿ ತೋರಿಸುತ್ತದೆ. ಅದನ್ನೂ ನೀರಿನ ಅಳತೆಯನ್ನೂ ಮಾಲ್ಟಿನ ತೂಕವನ್ನೂ ಹಿಡಿದು ಲೆಕ್ಕ ಹಾಕಬೇಕು. ಹೊರದೇಶದಿಂದ ಬರುವ ಮಾಲ್ಟಿನಲ್ಲಿ ನನಗೆ ಎಪ್ಪತ್ತೆರಡರ ಸುತ್ತ ಬರುತ್ತಿತ್ತು. ನನ್ನಂಥ ಪುಟ್ಟ ವ್ಯವಹಾರಕ್ಕೆ ಸಾಕು.

ಹೋದ ವರ್ಷ ನಾನು ಊರಿನವರದೇ ಮಾಲ್ಟ್ ಕೊಳ್ಳಲು ಶುರುಮಾಡಿದೆ. ತೆನ್ರ್ಯೂ ನದಿಯ ಮೇಲಿನ ದಂಡೆಯಲ್ಲಿ ಚಹಾ ಬೆಳೆಯುವ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಕರೆಯುವುದು ಒಚಾಯಾ-ಸಾನ್, ಚಹಾದವರು ಎಂದೇ. ಚಹಾಕ್ಕೆ ಈಗ ಬೆಲೆ ಇಲ್ಲ. ಅವರು ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಬಾರ್ಲಿ ಬಿತ್ತಿ, ಅದನ್ನು ಮೊಳಕೆ ಕಟ್ಟಿ, ತಮ್ಮ ಚಹಾ ಒಣಗಿಸುವ ಯಂತ್ರದಲ್ಲೇ ಒಣಗಿಸಿ ಮಾಲ್ಟ್ ಮಾಡುವುದನ್ನು ಕಲಿತಿದ್ದರು. ಬಿಯರಿಗೆಂದು ಕೊಂಡ ಮೊದಲ ಗಿರಾಕಿ ನಾನೇ. ಇದು ಕೈಹಿಡಿದರೆ ಶೆಡ್ಡು ಉಳಿಯುತ್ತದೆ, ಇಲ್ಲದಿದ್ದರೆ ಯಂತ್ರ ಗುಜರಿಗೆ ಎಂದು ಅವರೇ ನಗುತ್ತಾ ಹೇಳಿದ್ದರು. ಆ ನಗುವಿನ ಹಿಂದೆ ಎಷ್ಟು ನಿಜವಿತ್ತೆಂದು ನಾನು ಯೋಚಿಸಲಿಲ್ಲ.

ಅವರ ಮಾಲ್ಟಿನಲ್ಲಿ ಕಾಯಿಸಿದ ಮೊದಲ ಹಂಡೆಗೆ ಇಳುವರಿ ಬಂದದ್ದು ಐವತ್ತೆಂಟು. ಎರಡನೆಯದಕ್ಕೂ ಅಷ್ಟೇ. ಬಿಯರು ತೆಳ್ಳಗೆ ಬಂತು, ರುಚಿ ಮಾತ್ರ ಚೆನ್ನಾಗಿತ್ತು, ಬಿಸ್ಕತ್ತಿನ ಪರಿಮಳ. ಎರಡೇ ಸಲ ಕಾಯಿಸಿ ಯಾವ ತೀರ್ಮಾನಕ್ಕೂ ಬರಬಾರದು ಎಂದು ನನಗೆ ಗೊತ್ತಿತ್ತು. ಆದರೆ ಅದೇ ವಾರ ಮುಂದಿನ ವರ್ಷದ ಬೆಲೆ ಮಾತಾಡಬೇಕಿತ್ತು.

ಒಚಾಯಾ-ಸಾನ್ ಶೆಡ್ಡಿಗೆ ಹೋದೆ. ಅವರು ಚಹಾ ಕೊಟ್ಟರು. ನಾನು ಮಾರ್ಕೆಟ್ಟಿನಲ್ಲಿ ಬದನೆಕಾಯಿ ಎತ್ತಿ ಹಿಡಿದು "ಹುಳ ಇದೆಯಲ್ಲಪ್ಪ" ಅನ್ನುವ ದನಿಯಲ್ಲೇ ಹೇಳಿದೆ:

"ನಿಮ್ಮ ಬಾರ್ಲಿಯಲ್ಲಿ ಸತ್ವ ಕಮ್ಮಿ. ಹೊರದೇಶದ್ದು ಎಪ್ಪತ್ತೆರಡು ಕೊಡುತ್ತೆ, ನಿಮ್ಮದು ಐವತ್ತೆಂಟು. ಈ ಬೆಲೆಗೆ ಕಷ್ಟ."

ನಮ್ಮೂರಿನಲ್ಲಾದರೆ ಇದಕ್ಕೊಂದು ಉತ್ತರ ಇದೆ. "ಬೇಡಾಂದ್ರೆ ಇಡಮ್ಮ ಕೆಳಗೆ, ತಗೊಳ್ಳೋರು ಬೇಕಾದಷ್ಟು ಜನ ಇದಾರೆ" ಎಂದು ಮಾರುವವನು ಕೂಗಬೇಕು, ನಾನು ನಾಲ್ಕು ಹೆಜ್ಜೆ ನಡೆಯಬೇಕು, ಅವನು ಮತ್ತೆ ಕರೆಯಬೇಕು. ಸರಕಿಗೆ ಹೆಸರಿಡುವುದು ಬೆಲೆಯ ಮಾತಿಗೆ ಪೀಠಿಕೆ, ಅಷ್ಟೇ. ಕೊಳ್ಳುವವಳೂ ನಂಬುವುದಿಲ್ಲ, ಮಾರುವವನೂ ನಂಬುವುದಿಲ್ಲ.

ಒಚಾಯಾ-ಸಾನ್ ನಂಬಿದರು. ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟು, ಎದ್ದು ನಿಂತು, ಸೊಂಟದವರೆಗೆ ಬಾಗಿದರು.

"ಮೋಶಿವಾಕೆ ಅರಿಮಾಸೆನ್, ಓಕಾಮಿ-ಸಾನ್. ನಿಮಗೆ ತೊಂದರೆ ಕೊಟ್ಟೆ."

ಓಕಾಮಿ ಎಂದರೆ ಅಂಗಡಿಯ ಯಜಮಾನಿ. ಅಷ್ಟು ಆಳವಾದ ಕ್ಷಮೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಬೆಲೆ ಇಳಿಸಿ ಅನ್ನುವ ಮುಂದಿನ ಮಾತನ್ನು ಮರುದಿನಕ್ಕೆ ಇಟ್ಟುಕೊಂಡೆ. "ಅಯ್ಯೋ, ಹಾಗಲ್ಲ" ಎನ್ನಬೇಕಿತ್ತು. ಎನ್ನಲಿಲ್ಲ. ನಾಳೆ ಫೋನ್ ಮಾಡಿದರೆ ಇನ್ನೂ ಮೆತ್ತಗಾಗಿರುತ್ತಾರೆ ಎಂಬ ಲೆಕ್ಕ ಆ ಗಳಿಗೆಯಲ್ಲೂ ತಲೆಯಲ್ಲಿ ಓಡುತ್ತಿತ್ತು. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಮರುದಿನ ಬೆಳಿಗ್ಗೆ ಅವರ ಪುಟ್ಟ ಟ್ರಕ್ಕು ನನ್ನ ಹೋಟೆಲಿನ ಮುಂದೆ ಬಂದು ನಿಂತಿತು. ಅವರೂ ಅವರ ಹೆಂಡತಿಯೂ ಇಳಿದು, ನನ್ನಲ್ಲಿ ಉಳಿದಿದ್ದ ತಮ್ಮ ಮೂಟೆಗಳನ್ನೆಲ್ಲ ಹೊತ್ತುಕೊಂಡು ಹೋಗಿ ಟ್ರಕ್ಕಿಗೆ ಹಾಕಿದರು. ಅದರ ಬದಲಿಗೆ ಹೊರದೇಶದ ಮಾಲ್ಟಿನ ಮೂಟೆಗಳನ್ನು ಇಳಿಸಿದರು. ಎಲ್ಲಿಂದಲೋ ತಾವೇ ಕೊಂಡು ತಂದದ್ದು.

"ನಿಮ್ಮ ಕೆಲಸ ನಿಲ್ಲಬಾರದು," ಎಂದರು ಒಚಾಯಾ-ಸಾನ್.

ಅವರ ಹೆಂಡತಿ ಬಾಗಿದರು. ಮೇಲೊಂದು ಚಹಾದ ಪೊಟ್ಟಣ ಬೇರೆ.

ಸಂಜೆ ನನ್ನ ಗಂಡ ಫ್ಯಾಕ್ಟರಿಯಿಂದ ಬಂದವರು ಮೂಟೆಗಳನ್ನು ನೋಡಿದರು. ಅವರು ಇಲ್ಲಿನ ವಾಹನ ಕಂಪನಿಯೊಂದರಲ್ಲಿ ಎಂಜಿನ್ ಪರೀಕ್ಷೆಯ ಕೆಲಸದವರು.

"ಏನೇ ಇದು, ಹೊಸ ಮಾಲು?"

"ಒಚಾಯಾ-ಸಾನ್ ಕೊಟ್ರು. ಅವರ ಬಾರ್ಲಿ ಸರಿ ಇಲ್ಲಾಂದೆ, ವಾಪಸ್ ತಗೊಂಡು ಇದನ್ನ ಕೊಟ್ರು."

"ದುಡ್ಡು?"

"ತಗೊಳ್ಳಲಿಲ್ಲ."

"ಭಲೇ. ನೀನು ಚೌಕಾಸಿ ಮಾಡಿದ್ರೆ ಎದುರಿಗಿರೋರು ಆಸ್ತಿನೇ ಬರ್ಕೊಡ್ತಾರೆ ಬಿಡು."

ನಗಲು ನನಗಾಗಲಿಲ್ಲ. ಆದರೂ ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡೆ: ಅಂಕಿ ಸುಳ್ಳಲ್ಲವಲ್ಲ. ಐವತ್ತೆಂಟು ಬಂದದ್ದು ನಿಜ ತಾನೆ.

ಆ ಸಮಾಧಾನ ಮುಂದಿನ ಹಂಡೆಯವರೆಗೆ ಮಾತ್ರ. ನಾನು ಅಲ್ಲಿಯವರೆಗೆ ಕೊಳ್ಳುತ್ತಿದ್ದ ಹೊರದೇಶದ ಮಾಲ್ಟ್ ಅಂಗಡಿಯವರೇ ಒಡೆದು ಕೊಡುತ್ತಿದ್ದದ್ದು. ಒಚಾಯಾ-ಸಾನ್ ತಂದುಕೊಟ್ಟದ್ದು ಇಡೀ ಕಾಳು. ಅವರ ಬಾರ್ಲಿಗೆಂದೇ ಕೊಂಡಿದ್ದ ನನ್ನ ಗಿರಣಿಯಲ್ಲೇ ಒಡೆದು ನೆನೆಹಾಕಿದೆ. ಹೈಡ್ರೋಮೀಟರ್ ಬಿಟ್ಟೆ. ಲೆಕ್ಕ ಹಾಕಿದೆ. ಅರವತ್ತೊಂದು.

ತಪ್ಪಾಗಿ ಓದಿರಬೇಕೆಂದು ಮತ್ತೆ ನೋಡಿದೆ. ಅಷ್ಟೇ ಇತ್ತು. ಹೆಸರು ಮಾಡಿದ ಮಾಲ್ಟೂ ನನ್ನ ಕೈಯಲ್ಲಿ ಅರವತ್ತೊಂದೇ ಕೊಟ್ಟರೆ ಒಚಾಯಾ-ಸಾನ್ ಬಾಗಿದ್ದು ಯಾವುದಕ್ಕೆ?

ಆಗಲೂ ನೆಟ್ಟಗೆ ಯೋಚಿಸಲಿಲ್ಲ. ಮೊದಲು ಅಂಕಿಯನ್ನು ಮೇಲಕ್ಕೆ ಎಳೆಯಲು ಹೊರಟೆ. ನೆನೆಹಾಕುವ ಸಮಯ ಹೆಚ್ಚಿಸಿದೆ, ಅಂಕಿ ಕದಲಲಿಲ್ಲ. ಚರಟವನ್ನು ಇನ್ನೂ ಬಿಸಿಯಾದ ನೀರಿನಲ್ಲಿ ಇನ್ನೂ ಎರಡು ಸಲ ತೊಳೆದೆ. ಈ ಬಾರಿ ಅಂಕಿ ಏರಿತು. ಸಂತೋಷದಿಂದ ಕುದಿಸಿ, ಯೀಸ್ಟ್ ಬಿಟ್ಟು, ದಿನ ತುಂಬಿದ ಮೇಲೆ ಗಂಡನಿಗೆ ಒಂದು ಲೋಟ ಕೊಟ್ಟೆ.

ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು. "ಎರಡನೇ ಡಿಕಾಕ್ಷನ್‌ನಲ್ಲಿ ಕಾಫಿ ಮಾಡಿದ ಹಾಗಿದೆ ಕಣೇ. ಮೂರನೇದು ಅಂದ್ರೂ ತಪ್ಪಿಲ್ಲ."

ಸರಿಯಾಗಿ ಹೇಳಿದ್ದರು. ಅತಿಯಾಗಿ ತೊಳೆದರೆ ಸಕ್ಕರೆಯ ಜೊತೆಗೆ ಸಿಪ್ಪೆಯ ಒಗರೂ ಇಳಿಯುತ್ತದೆ. ಅಂಕಿ ಚೆಂದ, ಬಿಯರು ನಾಲಿಗೆಗೆ ಅಂಟುವ ಒಗರು. ಆ ಹಂಡೆಯನ್ನು ಮೋರಿಗೆ ಸುರಿದೆ.

"ಈಗ ಎರಡೂ ಮಾಲ್ಟು ಕಳ್ಳ ಅಂತೀಯಾ?" ಎಂದರು ಗಂಡ. "ನಮ್ಮಲ್ಲಿ ಎಂಜಿನ್ ಸರಿ ಇಲ್ಲಾಂತ ಹೇಳೋಕೆ ಮುಂಚೆ ಮೀಟರ್ ಸರಿ ಇದೆಯಾ ನೋಡ್ತೀವಿ. ಎರಡು ಸಲನೂ ಒಂದೇ ಥರ ಇದ್ದದ್ದು ಏನೇನು ಹೇಳು."

ಭಾನುವಾರ ಕೂತು ಒಂದೊಂದೇ ನೋಡಿದೆವು. ಹೈಡ್ರೋಮೀಟರನ್ನು ಬರೀ ನೀರಿನಲ್ಲಿ ಬಿಟ್ಟೆವು. ಅದರ ಮೇಲೆ ಬರೆದಿರುವ ಉಷ್ಣತೆಯಲ್ಲಿ ಸೊನ್ನೆಗೇ ನಿಂತಿತು. ಥರ್ಮಾಮೀಟರನ್ನು ಮಂಜುಗಡ್ಡೆಯ ನೀರಿನಲ್ಲೂ ಕುದಿಯುವ ನೀರಿನಲ್ಲೂ ಇಟ್ಟೆವು, ಸರಿ ಇತ್ತು. ಹಂಡೆಯೊಳಗಿನ ಅಳತೆಯ ಗೆರೆಗಳನ್ನು ಲೀಟರು ಲೀಟರು ನೀರು ಹುಯ್ದು ನೋಡಿದೆವು, ಅವೂ ಸರಿ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ," ಎಂದು ಗೊಣಗುತ್ತಾ ಗಂಡ ಗೊಬ್ಬರಕ್ಕೆಂದು ಒಣಗಿಸಿ ಬಕೆಟ್ಟಿನಲ್ಲಿಟ್ಟಿದ್ದ ಚರಟವನ್ನು ಬೆರಳಿನಿಂದ ಕೆದಕಿದರು. ನಾನೂ ಒಂದು ಹಿಡಿ ತೆಗೆದು ಜರಡಿಯಲ್ಲಿ ತೊಳೆದೆ. ಸಿಪ್ಪೆಗಳ ನಡುವೆ ಇಡೀ ಕಾಳುಗಳು ಸಿಕ್ಕವು, ಒಂದೆರಡಲ್ಲ. ಒಂದನ್ನು ಬಾಯಿಗೆ ಹಾಕಿ ಕಡಿದೆ. ಮಧ್ಯದಲ್ಲಿ ಹಿಟ್ಟು ಹಾಗೇ ಇತ್ತು. ನೀರು ಅದನ್ನು ಮುಟ್ಟಿಯೇ ಇರಲಿಲ್ಲ.

ಗಂಡ ಒಳಗೆ ಹೋಗಿ ತಮ್ಮ ಫೀಲರ್ ಗೇಜ್ ತಂದರು. ಎಂಜಿನ್ನಿನ ವಾಲ್ವಿನ ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳ ಗೊಂಚಲು ಅದು. ಗಿರಣಿಯ ಎರಡು ರೋಲರುಗಳ ನಡುವೆ ಎಡತುದಿಯಲ್ಲಿ ತೂರಿಸಿದರು: ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಸರಿಯಾಗಿದೆ. ಬಲತುದಿಯಲ್ಲಿ ಪಟ್ಟಿಯ ಮೇಲೆ ಪಟ್ಟಿ ಸೇರಿಸುತ್ತಾ ಹೋದರು. ಅಲ್ಲಿ ಎಡತುದಿಗಿಂತ ಸುಮಾರು ಎರಡರಷ್ಟು ಸಂದು.

"ನೆಲ ಅಲ್ಲ ಕಣೇ, ನಿನ್ನ ರೋಲರ್ರೇ ಡೊಂಕು."

ಆಗ ನೆನಪಾಯಿತು. ಗಿರಣಿ ಮಾರಿದಾತ ಅದು ಒಮ್ಮೆ ಕೆಳಗೆ ಬಿದ್ದಿತ್ತೆಂದು ತಾನಾಗಿಯೇ ಹೇಳಿದ್ದ. ಆ ಮಾತನ್ನು ಹಿಡಿದೇ ನಾನು ಬೆಲೆ ಇಳಿಸಿದ್ದೆ. ಬೆಲೆ ಇಳಿದ ಮೇಲೆ ಮಾತು ಮರೆತಿದ್ದೆ. ಒಚಾಯಾ-ಸಾನ್ ಬಾರ್ಲಿಯ ಕಾಳು ಸಣ್ಣದು. ಬಲಗಡೆಯ ಸಂದಿನಿಂದ ಎಷ್ಟೋ ಕಾಳು ಒಡೆಯದೆ ಸುಮ್ಮನೆ ಜಾರಿಹೋಗಿತ್ತು.

ರೋಲರನ್ನು ಸರಿಮಾಡಿ ಕೂರಿಸಿದೆವು. ಆಗಲೂ ಆಸೆ ಬಿಡಬೇಕಲ್ಲ. ಎರಡೂ ತುದಿಯನ್ನು ಇನ್ನೂ ಬಿಗಿಮಾಡಿ ಹಿಟ್ಟಿನ ಹಾಗೆ ಬೀಸಿದೆ. ಡ್ರಮ್ಮಿನಲ್ಲಿ ಅದು ರಾಗಿ ಮುದ್ದೆಯಂತೆ ಕಟ್ಟಿಕೊಂಡು ಒಂದು ಹನಿಯೂ ಬಸಿಯಲಿಲ್ಲ. ಸಿಪ್ಪೆ ಸಿಪ್ಪೆಯಾಗಿಯೇ ಉಳಿಯಬೇಕು, ಅದೇ ಸೋಸುವ ಜರಡಿ. ಆ ಹಂಡೆಯೂ ಹೋಯಿತು. ಸಂದನ್ನು ಎಡತುದಿಯಲ್ಲಿ ಮೊದಲಿದ್ದ ಅಳತೆಗೇ ತಂದು ಮತ್ತೆ ಕಾಯಿಸಿದಾಗ ಎಪ್ಪತ್ನಾಲ್ಕು ಬಂತು.

ಇನ್ನು ಒಚಾಯಾ-ಸಾನ್ ಮಾಲ್ಟ್. ಮೂಟೆಗಳನ್ನು ಅವರು ಒಯ್ದಿದ್ದರು. ಗಿರಾಕಿಗಳಿಗೆ ತೋರಿಸಲು ಕೌಂಟರಿನ ಮೇಲಿಟ್ಟಿದ್ದ ಗಾಜಿನ ಭರಣಿಯಲ್ಲಿ ಒಂದಿಷ್ಟು ಉಳಿದಿತ್ತು. ಅದನ್ನೂ ಹೊರದೇಶದ್ದನ್ನೂ ಸಮತೂಕ ಮಾಡಿ, ಮಿಕ್ಸಿಯಲ್ಲಿ ಒಂದೇ ಥರ ತರಿ ಮಾಡಿ, ಎರಡು ಫ್ಲಾಸ್ಕುಗಳಲ್ಲಿ ಒಂದೇ ಬಿಸಿಯ ನೀರು ಹುಯ್ದು ಮುಚ್ಚಿಟ್ಟೆ. ಬಟ್ಟೆಯಲ್ಲಿ ಸೋಸಿ, ಪೂರ್ತಿ ಆರಿಸಿ, ಹೈಡ್ರೋಮೀಟರ್ ಬಿಟ್ಟೆ. ಎರಡರ ನಡುವೆ ಒಂದೇ ಒಂದು ಗೆರೆಯ ವ್ಯತ್ಯಾಸ. ಬಾರ್ಲಿಯಲ್ಲಿ ಸತ್ವ ಇತ್ತು.

ಆ ದಿನವೇ ಹೋಗಬೇಕಿತ್ತು. ಹೋಗಲಿಲ್ಲ. ದೀಪಾವಳಿಯ ಆರ್ಡರುಗಳಿವೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜವೇನೆಂದರೆ ನಾನೊಂದು ಮಾತು ಹೊಸೆಯುತ್ತಿದ್ದೆ: "ಇನ್ನೊಂದು ಸಲ ನೋಡೋಣ, ಕೊಡಿ." ಹಾಗೆಂದರೆ ಮಾಲ್ಟೂ ಬರುತ್ತದೆ, ತಪ್ಪು ನನ್ನದೆಂದು ಹೇಳಬೇಕಾಗಿಯೂ ಇಲ್ಲ, ಉಪಕಾರ ಮಾಡಿದವಳೂ ನಾನೇ ಆಗುತ್ತೇನೆ. ಗಂಡನ ಮುಂದೆ ಹೇಳಿದೆ.

"ಬಹಳ ಜಾಣೆ," ಎಂದರು. "ಅವರು ಈ ವರ್ಷ ಮೊಳಕೆ ಕಟ್ಟುವಾಗ ಏನನ್ನ ಸರಿ ಮಾಡ್ತಾರೆ? ಸರಿ ಇರೋದನ್ನೇ ಕೆಡಿಸ್ತಾರೆ ಅಷ್ಟೇ."

ಅದು ನನಗೆ ಹೊಳೆದಿರಲಿಲ್ಲ. ತಪ್ಪಿಲ್ಲದ ಮನುಷ್ಯ ತನ್ನ ತಪ್ಪನ್ನು ಹುಡುಕುತ್ತಾ ಕೂತಿದ್ದಾನೆ. ವಾರ ಕಳೆದಿತ್ತು. ಇದ್ದದ್ದನ್ನು ಇದ್ದ ಹಾಗೇ ಹೇಳುವುದೆಂದು ತೀರ್ಮಾನಿಸಿ, ಇಡೀ ಕಾಳುಗಳಿದ್ದ ಚರಟವನ್ನು ಒಂದು ಡಬ್ಬಿಯಲ್ಲಿ ತುಂಬಿಕೊಂಡು ಹೊರಟೆ. ಕಾರು ಗಂಡ ಓಡಿಸಿದರು.

ಶೆಡ್ಡಿನಲ್ಲಿ ಒಣಗಿಸುವ ಯಂತ್ರದ ಹೊಟ್ಟೆ ಬಿಚ್ಚಿಕೊಂಡು ನೆಲದ ಮೇಲೆ ಹರಡಿತ್ತು. ನಾನು ಡಬ್ಬಿ ತೆರೆದು, ಕಾಳು ತೋರಿಸಿ, ಗಿರಣಿಯ ಕಥೆ ಹೇಳಿದೆ. ನನ್ನ ಜಪಾನೀ ಭಾಷೆ ಅಡುಗೆಮನೆಯದು. ವಾಕ್ಯಗಳು ಮುರಿದವು, ಆದರೆ ವಿಷಯ ತಲುಪಿತು. ಬೆಲೆ ಇಳಿಸಲೆಂದೇ ಹಾಗಂದೆ ಎನ್ನುವುದನ್ನೂ ಹೇಳಿದೆ. ಆಮೇಲೆ ಬಾಗಿದೆ. ಪಕ್ಕದಲ್ಲಿ ಗಂಡನೂ ಬಾಗಿದರು, ಗಿರಣಿ ಅವರೇ ಕೊಂಡವರ ಹಾಗೆ.

ಒಚಾಯಾ-ಸಾನ್ ಕಾಳನ್ನು ಉಗುರಿನಿಂದ ಸೀಳಿ ನೋಡಿದರು. ಹೆಂಡತಿಯ ಕಡೆ ತಿರುಗಿ, "ಬಾರ್ಲಿ ಕೆಟ್ಟಿರಲಿಲ್ಲವಂತೆ," ಎಂದರು.

ಆಕೆ ನಮಗೆ ಚಹಾ ಬಗ್ಗಿಸುತ್ತಾ ಮೆಲ್ಲಗೆ ಹೇಳಿದರು: "ಇವರು ಯಂತ್ರದ ಒಂದೊಂದು ತಟ್ಟೆಯನ್ನೂ ಬಿಚ್ಚಿ ನೋಡಿದರು, ಓಕಾಮಿ-ಸಾನ್. ಬಿಸಿ ಎಲ್ಲಿ ಹೆಚ್ಚಾಯಿತೋ ಎಂದು. ಊಟ ಮಾಡುವಾಗಲೂ ಅದೇ ಮಾತು." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನನಗೆ ಗೊತ್ತಿರುವ ಔಷಧಿ ಒಂದೇ. "ಹಳೆಯ ಬೆಲೆಗಿಂತ ಹೆಚ್ಚೇ ಕೊಡುತ್ತೇನೆ," ಎಂದೆ.

ಒಚಾಯಾ-ಸಾನ್ ಕೈ ಅಡ್ಡ ಆಡಿಸಿದರು. "ಬೆಲೆಯ ಮಾತು ಬೇರೆ. ಹಳೆಯ ಬೆಲೆಯೇ ಇರಲಿ." ಆಮೇಲೆ ಕೇಳಿದರು: "ಒಂದು ಉಪಕಾರ ಮಾಡುತ್ತೀರಾ? ನನ್ನ ಜೊತೆ ಬೇಕರಿಗೆ ಬರುತ್ತೀರಾ?"

ಆಗ ತಿಳಿಯಿತು. ಅವರ ಮಾಲ್ಟನ್ನು ಬ್ರೆಡ್ಡಿಗೆ ಹಾಕುತ್ತಿದ್ದ ಬೇಕರಿಯೊಂದಿತ್ತು. ಮುಂದಿನ ಬೆಳೆಯಿಂದ ಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದ ಇನ್ನೊಬ್ಬ ಬಿಯರಿನವನಿದ್ದ. ತಮ್ಮ ಸರಕು ಕೆಟ್ಟದ್ದೆಂದು ಒಚಾಯಾ-ಸಾನ್ ಆ ಇಬ್ಬರ ಬಳಿಗೂ ತಾವಾಗಿಯೇ ಹೋಗಿ ಕ್ಷಮೆ ಕೇಳಿ ಬಂದಿದ್ದರು. ಯಾವಾಗ ಎಂದು ಕೇಳಿದೆ. ನಾನು ಮಾತು ಹೊಸೆಯುತ್ತಾ ಕೂತಿದ್ದ ಅದೇ ವಾರ.

ಬೇಕರಿಯಲ್ಲಿ ಬ್ರೆಡ್ಡು ಕೊಳ್ಳಲು ಬಂದವರು ಸಾಲಿನಲ್ಲಿ ನಿಂತಿದ್ದರು. ಒಚಾಯಾ-ಸಾನ್ ಪಕ್ಕದಲ್ಲಿ ನಿಂತು ನಾನು ಮತ್ತೆ ಗಿರಣಿಯ ಕಥೆ ಹೇಳಿದೆ. ಮಾಲೀಕಳು ಕೇಳಿ, ನಗು ತಡೆದುಕೊಂಡು, "ಹಾಗಾದರೆ ಓಕಾಮಿ-ಸಾನ್, ಈಗ ಗಿರಣಿಯ ಆರೋಗ್ಯ ಹೇಗಿದೆ?" ಎಂದಳು. ಸಾಲಿನಲ್ಲಿದ್ದವರೂ ನಕ್ಕರು. ಒಚಾಯಾ-ಸಾನ್ ಕೂಡ. ಅವಳು ಮಾಲ್ಟನ್ನು ಮತ್ತೆ ತೆಗೆದುಕೊಳ್ಳಲು ಒಪ್ಪಿದಳು. ಇನ್ನೊಬ್ಬ ಬಿಯರಿನವನು ನಮ್ಮನ್ನು ಕೂರಿಸಿ, ಬಹಳ ಮರ್ಯಾದೆಯಿಂದ ಕೇಳಿ, ತಾನು ಈಗಾಗಲೇ ವರ್ಷಕ್ಕಾಗುವಷ್ಟು ಹೊರಗಿನಿಂದ ತರಿಸಲು ಹೇಳಿಬಿಟ್ಟಿದ್ದೇನೆ ಎಂದ. ಬಾಗಿಲವರೆಗೆ ಬಂದು ಬೀಳ್ಕೊಟ್ಟ.

ಬಿತ್ತನೆಯ ಹೊತ್ತಿಗೆ ಒಚಾಯಾ-ಸಾನ್ ಅರ್ಧ ಗದ್ದೆಗೆ ಮಾತ್ರ ಬಾರ್ಲಿ ಹಾಕಿದರು. ಉಳಿದರ್ಧವನ್ನು ಈರುಳ್ಳಿಗೆಂದು ಪಕ್ಕದವರಿಗೆ ಕೊಟ್ಟರು. ಆ ಅರ್ಧದ ಮಾಲ್ಟನ್ನೂ ನಾನೇ ಕೊಳ್ಳುತ್ತೇನೆ ಎಂದು ಹೇಳುವಷ್ಟು ದೊಡ್ಡದಲ್ಲ ನನ್ನ ಹಂಡೆ. ಅವರು ಈಗಲೂ ನನಗೆ ಮಾಲ್ಟ್ ಕೊಡುತ್ತಾರೆ. ಪ್ರತಿ ಸಲ ಮೂಟೆ ಇಳಿಸಿದ ಮೇಲೆ, "ಏನಾದರೂ ಕೊರತೆ ಇದ್ದರೆ ದಯವಿಟ್ಟು ಹೇಳಿ" ಎನ್ನುತ್ತಾರೆ. ಅದು ಇಲ್ಲಿ ಎಲ್ಲರೂ ಆಡುವ ಮಾತೇ. ನನಗೆ ಮಾತ್ರ ತಲೆ ಎತ್ತಿ ಕೇಳಲಾಗುವುದಿಲ್ಲ.

ನೀವೂ ಬಿಯರ್ ಕಾಯಿಸುವವರಾದರೆ ಇಷ್ಟು ಕೇಳಿ. ಇಳುವರಿ ಇಳಿದರೆ ಮೊದಲು ಚರಟವನ್ನು ತೊಳೆದು ನೋಡಿ, ಕಾಳು ಕಡಿದು ನೋಡಿ, ಖರ್ಚಿಲ್ಲದ ಪರೀಕ್ಷೆ. ರೋಲರಿನ ಸಂದನ್ನು ಒಂದೇ ಕಡೆ ಅಳೆಯಬೇಡಿ, ಎರಡು ತುದಿಯಲ್ಲೂ ಅಳೆಯಿರಿ. ಕಾಳಿನ ಗಾತ್ರ ಬದಲಾದಾಗಲೆಲ್ಲ ಮತ್ತೆ ನೋಡಿ. ಸಿಹಿನೀರನ್ನು ಪೂರ್ತಿ ಆರಿಸಿಯೇ ಹೈಡ್ರೋಮೀಟರ್ ಬಿಡಿ, ಬಿಸಿಯಲ್ಲಿ ಅದು ಕಡಿಮೆ ತೋರಿಸುತ್ತದೆ. ಎರಡು ಮಾಲ್ಟುಗಳನ್ನು ಹೋಲಿಸುವುದಾದರೆ ಎರಡನ್ನೂ ಒಂದೇ ಗಿರಣಿಯಲ್ಲಿ ಒಡೆಯಿರಿ. ಅಂಕಿ ಏರಿಸಲು ಚರಟವನ್ನು ಹಿಂಡಬೇಡಿ. ಎಪ್ಪತ್ತು ಬರುತ್ತಿದ್ದು ಬಿಯರು ಚೆನ್ನಾಗಿದ್ದರೆ ಸುಮ್ಮನಿರಿ. ಚೌಕಾಸಿ ಮಾಡಿ, ಬೇಡ ಎನ್ನುವುದಿಲ್ಲ, ನಾನೂ ಬಿಟ್ಟಿಲ್ಲ. ಆದರೆ ಎದುರಿಗಿರುವವರಿಗೆ ಆ ಆಟ ಗೊತ್ತಿದೆಯೇ ಎಂದು ಮೊದಲು ನೋಡಿಕೊಳ್ಳಿ. ತಪ್ಪು ನಿಮ್ಮದೆಂದು ಗೊತ್ತಾದ ದಿನ ಒಲೆ ಆರಿಸಿ, ಏಪ್ರನ್ ಬಿಚ್ಚಿ, ಅಂದೇ ಹೋಗಿ ಹೇಳಿ. ಒಳ್ಳೆಯ ಮನುಷ್ಯ ನಿಮ್ಮ ತಪ್ಪನ್ನು ಹೊತ್ತುಕೊಂಡು ಊರೆಲ್ಲ ತಿರುಗಲು ಒಂದು ವಾರ ಧಾರಾಳ ಸಾಕು.